ಕಾಣದ ಏಟು: ಎಲ್ಡನ್ ರಿಂಗ್ ವಿಸ್ತರಣೆಯ ಬಾಸ್‌ಗಳ ಬಗ್ಗೆ ಇಷ್ಟೊಂದು ಜಗಳ ಯಾಕೆ?

2024ರ ಸೆಪ್ಟೆಂಬರ್ 11ರಂದು ಎಲ್ಡನ್ ರಿಂಗ್ ಅನ್ನೋ ವಿಡಿಯೋ ಗೇಮಿಗೆ 1.14 ನಂಬರಿನ ಪ್ಯಾಚ್, ಅಂದರೆ ತಿದ್ದುಪಡಿ, ಬಂತು. ಅದರ ಟಿಪ್ಪಣಿಯಲ್ಲಿ ಒಬ್ಬ ಬಾಸ್‌ಗೆ, ಅಂದರೆ ಗೇಮಿನ ದೊಡ್ಡ ಎದುರಾಳಿಗೆ, ಅಂತಲೇ ಒಂದು ಪಟ್ಟಿ ಇತ್ತು. ಮೂಲ ಗೇಮಿಗೆ ಆಮೇಲೆ ಸೇರಿಸಿದ ಶ್ಯಾಡೋ ಆಫ್ ದಿ ಎರ್ಡ್‌ಟ್ರೀ ವಿಸ್ತರಣೆಯ ಕೊನೆಯ ಬಾಸ್, ಪ್ರಾಮಿಸ್ಡ್ ಕಾನ್ಸಾರ್ಟ್ ರಾಡಾನ್. ಫೈಟ್ ಶುರುವಾದ ತಕ್ಷಣ ಅವನು ಮಾಡುವ ಮೊದಲ ದಾಳಿ ಬದಲಾಯಿತು. ಕೆಲವು ಏಟುಗಳ ಬಿರುಸು ಇಳಿಯಿತು. ಗುರಾಣಿ ಹಿಡಿದವರ ಸ್ಟ್ಯಾಮಿನಾ ಕರಗುವುದು ಕಡಿಮೆಯಾಯಿತು. ಇವೆಲ್ಲ ಮಾಮೂಲಿ. ನನ್ನ ಕಣ್ಣು ನಿಂತಿದ್ದು ಇನ್ನೊಂದು ಸಾಲಿನ ಮೇಲೆ. ಕೆಲವು ದಾಳಿಗಳ ಎಫೆಕ್ಟ್ ಚೆನ್ನಾಗಿ ಕಾಣುವಂತೆ ಮಾಡಿದ್ದೇವೆ ಅಂತ ಅದರಲ್ಲಿತ್ತು.

ಅಂದ್ರೆ ಮೊದಲು ಸರಿಯಾಗಿ ಕಾಣುತ್ತಿರಲಿಲ್ಲ ಅಂತ ಕಂಪನಿಯೇ ಒಪ್ಪಿಕೊಂಡ ಹಾಗಾಯ್ತು, ಅಲ್ವಾ?

ಈ ವಿಸ್ತರಣೆ ಬಂದಾಗಿನಿಂದ ಆಟಗಾರರು ಎರಡು ಪಾರ್ಟಿ ಆಗಿದ್ದಾರೆ. ಬಾಸ್‌ಗಳು ಅತಿಯಾಯ್ತು ಅನ್ನುವವರು ಒಂದು ಕಡೆ. ಆಡೋಕೆ ಬರಲ್ಲ ಅಂದ್ರೆ ಸುಮ್ನಿರಿ ಅನ್ನುವವರು ಇನ್ನೊಂದು ಕಡೆ. ಮೈಸೂರಿನಲ್ಲೂ ಅಷ್ಟೇ. ಕುಕ್ಕರಹಳ್ಳಿ ಕೆರೆ ಹತ್ತಿರ ಟೀ ಕುಡಿಯುತ್ತಾ ನಿಂತ ನಾಲ್ಕು ಹುಡುಗರಲ್ಲಿ ಇಬ್ಬರು ಈ ಗೇಮ್ ಆಡಿದ್ದರೆ ಸಾಕು, ವಾದ ಶುರು. ಆದರೆ ಇವರು ಒಂದೇ ವಿಷಯಕ್ಕೆ ಜಗಳ ಆಡುತ್ತಿಲ್ಲ ಅನ್ನೋದು ನನ್ನ ಅನಿಸಿಕೆ. ಎರಡು ಬೇರೆ ಬೇರೆ ತೊಂದರೆಗಳನ್ನು ಸೇರಿಸಿ ಒಂದೇ ಗಂಟು ಕಟ್ಟಿಬಿಟ್ಟಿದ್ದಾರೆ. ಒಂದು ಲೆಕ್ಕದ ತೊಂದರೆ: ಬಾಸ್ ಒಂದು ಏಟಿಗೆ ಎಷ್ಟು ಜೀವ ತೆಗೆಯುತ್ತಾನೆ ಅನ್ನೋದು. ಇನ್ನೊಂದು ಕಣ್ಣಿನ ತೊಂದರೆ: ಆ ಏಟು ಬರುತ್ತಿರುವುದು ನಮಗೆ ಕಾಣುತ್ತದಾ ಅನ್ನೋದು. ಲೆಕ್ಕದ ತೊಂದರೆಗೆ ಒಂದು ವಾರದೊಳಗೆ ಮದ್ದು ಸಿಕ್ಕಿತು. ಕಣ್ಣಿನ ತೊಂದರೆಗೆ ಮೂರು ತಿಂಗಳ ಹತ್ತಿರ ಹಿಡಿಯಿತು. ಅದೂ ಪೂರ್ತಿ ವಾಸಿಯಾಗಿಲ್ಲ.

ಗೇಮ್ ಗೊತ್ತಿಲ್ಲದವರಿಗೆ ಎರಡು ಮಾತು. ಎಲ್ಡನ್ ರಿಂಗ್ ಜಪಾನಿನ ಫ್ರಮ್‌ಸಾಫ್ಟ್‌ವೇರ್ ಮಾಡಿದ ಗೇಮ್. 2022ರ ಫೆಬ್ರವರಿ 25ಕ್ಕೆ ಬಂತು. ನಿರ್ದೇಶಕ ಹಿಡೆಟಾಕಾ ಮಿಯಾಜಾಕಿ. ಹಾಳುಬಿದ್ದ ಕೋಟೆಗಳು, ಹುಚ್ಚು ಹಿಡಿದ ರಾಜರು, ಕೊಳೆಯುತ್ತಿರುವ ದೇವತೆಗಳು, ನಡುವೆ ಒಂಟಿಯಾಗಿ ಓಡಾಡುವ ನಾವು. ವಿಸ್ತರಣೆ ಬಂದಿದ್ದು 2024ರ ಜೂನ್ 21ಕ್ಕೆ. ಪಿಸಿಯಲ್ಲಿ ನಮ್ಮ ಕಾಲಮಾನದ ಬೆಳಗಿನ ಜಾವ. ಮೈಸೂರಿನವರು ಯೋಗ ದಿನಕ್ಕೆ ಚಾಪೆ ಸುತ್ತಿಕೊಂಡು ಹೊರಡುವ ಹೊತ್ತಿಗೆ ಕುವೆಂಪುನಗರದ ಎಷ್ಟೋ ರೂಮುಗಳಲ್ಲಿ ಹುಡುಗರು ಇನ್ನೂ ಮಲಗಿರಲಿಲ್ಲ. ಮೂರೇ ದಿನದಲ್ಲಿ ಜಗತ್ತಿನಾದ್ಯಂತ 50 ಲಕ್ಷ ಪ್ರತಿ ಮಾರಾಟವಾಯಿತು. ವಿಮರ್ಶಕರು ನೂರಕ್ಕೆ 90ರ ಮೇಲೆ ಅಂಕ ಕೊಟ್ಟರು. ಪಿಸಿ ಗೇಮ್ ಮಾರುವ ಸ್ಟೀಮ್ ತಾಣದಲ್ಲಿ ದುಡ್ಡು ಕೊಟ್ಟು ಆಡಿದವರ ಅಭಿಪ್ರಾಯ ಮಾತ್ರ ಮೊದಲ ದಿನಗಳಲ್ಲಿ ಮಿಶ್ರ ಅನ್ನೋ ಪಟ್ಟಿ ಹೊತ್ತುಕೊಂಡಿತ್ತು. ಪಿಸಿಯಲ್ಲಿ ಗೇಮ್ ತಡವರಿಸುತ್ತದೆ ಅಂತ ಕೆಲವರು. ಬಾಸ್‌ಗಳು ಉಸಿರಾಡೋಕೆ ಬಿಡಲ್ಲ ಅಂತ ಉಳಿದವರು.

ಮೊದಲು ಲೆಕ್ಕದ ಕಡೆ ಬರೋಣ, ಅದು ಸುಲಭ.

ವಿಸ್ತರಣೆಯೊಳಗೆ ಕಾಲಿಡಬೇಕಾದರೆ ಮೂಲ ಗೇಮಿನಲ್ಲಿ ಸ್ಟಾರ್‌ಸ್ಕರ್ಜ್ ರಾಡಾನ್ (ವಿಸ್ತರಣೆಯ ಕೊನೆಗೆ ಮತ್ತೆ ಬರುವವನು ಇವನೇ) ಮತ್ತು ಮೋಗ್ ಅನ್ನೋ ಇಬ್ಬರು ಬಾಸ್‌ಗಳನ್ನೂ ಮುಗಿಸಿರಬೇಕು. ಅಷ್ಟು ಹೊತ್ತಿಗೆ ಆಟಗಾರನ ಲೆವೆಲ್ 120 ಇರಬಹುದು, 150 ಇರಬಹುದು. 200 ದಾಟಿದವರೂ ಇದ್ದರು. ಅಂಥವರನ್ನೂ ವಿಸ್ತರಣೆಯ ನೆರಳಿನ ನಾಡಿನಲ್ಲಿ ದಾರಿಹೋಕ ಸಿಪಾಯಿಗಳು ಮಲಗಿಸಿದರು. ಎರಡು ವರ್ಷ ಬೆವರು ಸುರಿಸಿ ಕಟ್ಟಿದ ಬಿಲ್ಡ್‌ಗೆ, ಅಂದರೆ ಪಾತ್ರದ ಶಕ್ತಿ, ಆಯುಧಗಳ ಜೋಡಣೆಗೆ, ಇಲ್ಲಿ ಕಾಸಿನ ಬೆಲೆ ಇಲ್ಲವಾ ಅಂತ ಎಲ್ಲರಿಗೂ ಉರಿಯಿತು.

ಡಿಸೈನರ್‌ಗಳ ಕಡೆಯಿಂದ ನೋಡಿದರೆ ಅವರಿಗೂ ಬೇರೆ ದಾರಿ ಇರಲಿಲ್ಲ. ಒಬ್ಬ 100ರಲ್ಲಿ ಬರುತ್ತಾನೆ, ಇನ್ನೊಬ್ಬ 250ರಲ್ಲಿ ಬರುತ್ತಾನೆ. ಇಬ್ಬರಿಗೂ ಒಂದೇ ಬಾಸ್ ಹೇಗೆ ಹೊಂದಬೇಕು? ಮೇಲಿನ ಲೆವೆಲ್‌ಗಳಲ್ಲಿ ಒಂದೊಂದು ಹೆಜ್ಜೆಗೆ ಸಿಗೋ ಲಾಭವೂ ಚಿಲ್ಲರೆ. ಹಾಗಾಗಿ ವಿಸ್ತರಣೆಗೆಂದೇ ಬೇರೆ ಏಣಿ ಹಾಕಿದರು. ಅದೇ ಸ್ಕ್ಯಾಡುಟ್ರೀ ಫ್ರಾಗ್ಮೆಂಟ್. ಇಡೀ ನಾಡಿನಲ್ಲಿ 50 ತುಣುಕು, 20 ಹಂತ. ಒಂದೊಂದು ಹಂತ ಏರಿದಾಗಲೂ ನಾವು ಕೊಡುವ ಏಟು ಜೋರಾಗುತ್ತದೆ, ನಮಗೆ ಬೀಳುವ ಏಟು ಹಗುರಾಗುತ್ತದೆ. ಆ ನಾಡಿನಿಂದ ಹೊರಗೆ ಬಂದರೆ ಇದು ಲೆಕ್ಕಕ್ಕಿಲ್ಲ. ಇದೇ ಕಂಪನಿಯ 2019ರ ಸೆಕಿರೋದಲ್ಲಿ ದಾಳಿಯ ಶಕ್ತಿ ಏರುತ್ತಿದ್ದದ್ದೂ ಹೆಚ್ಚುಕಡಿಮೆ ಹೀಗೇ. ಲೆವೆಲ್ ಅಂತ ಇರಲಿಲ್ಲ, ದೊಡ್ಡ ಬಾಸ್ ಬಿದ್ದರೆ ಶಕ್ತಿ ಒಂದು ಮೆಟ್ಟಿಲು ಮೇಲೆ.

ಜನ ಆ ತುಣುಕು ಹುಡುಕದೆ ನೇರ ಬಾಸ್ ಬಾಗಿಲಿಗೆ ಹೋದರು. ಅವರ ತಪ್ಪೂ ಅಲ್ಲ. ಎಲ್ಲರಿಗಿಂತ ಮೊದಲು ಮುಗಿಸಬೇಕು, ಸ್ಟ್ರೀಮ್‌ನಲ್ಲಿ ಕತೆ ಬಯಲಾಗೋ ಮುಂಚೆ ನೋಡಬೇಕು ಅನ್ನೋ ಆತುರ. ಗೇಮ್ ಪ್ರಕಟಿಸಿದ ಬಂಡೈ ನಾಮ್ಕೊ ಕಂಪನಿ ಮೊದಲು ಆ ತುಣುಕುಗಳನ್ನು ಬಳಸಿ ಅಂತ ಆಟಗಾರರಿಗೆ ನೆನಪಿಸಿತು. ಆಮೇಲೆ ಜೂನ್ 26ಕ್ಕೆ 1.12.2 ಬಂತು. ಮೊದಲ ಹತ್ತು ಹಂತಗಳಲ್ಲೇ ಜಾಸ್ತಿ ಲಾಭ ಸಿಗುವಂತೆ, ಆಮೇಲೆ ನಿಧಾನ ಏರುವಂತೆ ಲೆಕ್ಕ ತಿದ್ದಿದರು. ಗಲಾಟೆ ಅರ್ಧಕ್ಕರ್ಧ ತಣ್ಣಗಾಯಿತು.

ಈ ಏಣಿಯ ಐಡಿಯಾ ನನಗೆ ಇಷ್ಟವೇ. ಮೆಸ್ಮರ್ ಅನ್ನೋ ಬಾಸ್ ಕೈಲಿ ಸೋತರೆ ಸುಮ್ನೆ ಬಾಗಿಲಲ್ಲಿ ತಲೆ ಚಚ್ಚಿಕೊಳ್ಳೋ ಬದಲು ಒಂದು ಸುತ್ತು ಊರು ನೋಡಿಕೊಂಡು ಬಾ ಅನ್ನುತ್ತದೆ ಗೇಮ್. ಸುತ್ತಿ ಬಂದರೆ ಅದೇ ಮೆಸ್ಮರ್ ಸ್ವಲ್ಪ ಮೆತ್ತಗಾಗಿರುತ್ತಾನೆ. ತೊಂದರೆ ಇರೋದು ಎರಡನೇ ಸಲ ಆಡುವಾಗ. ಹೊಸ ಪಾತ್ರ ಕಟ್ಟಿದರೆ ಮತ್ತೆ ಅದೇ ಶಿಲುಬೆಗಳ ಬುಡ, ಮತ್ತೆ ಅದೇ ಮಡಕೆ ಹೊತ್ತು ಕೂತ ನೆರಳುಗಳು, ಮತ್ತೆ ಅದೇ ನೀರಾನೆಗಳು. ಮೊದಲ ಸಲ ಅದು ಹುಡುಕಾಟ. ಎರಡನೇ ಸಲ ರೇಷನ್ ಅಂಗಡಿ ಮುಂದಿನ ಕ್ಯೂ.

ಈಗ ಕಣ್ಣಿನ ವಿಷಯ. ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಫ್ರಮ್‌ಸಾಫ್ಟ್‌ವೇರ್ ವಿಸ್ತರಣೆಗಳಲ್ಲಿ ಒಳ್ಳೆ ಬಾಸ್‌ಗಳು ಬರೋದು ಹಳೇ ರೂಢಿ. 2012ರಲ್ಲಿ ಡಾರ್ಕ್ ಸೋಲ್ಸ್‌ಗೆ ಆರ್ಟೋರಿಯಸ್ ಬಂದ. ಅವನ ಒಂದು ಕೈ ಮುರಿದು ಜೋತಾಡುತ್ತಿರುತ್ತದೆ. ಕತ್ತಿ ಇರೋದು ಒಂದೇ ಕೈಯಲ್ಲಿ. ನೋಡಿದ ಕೂಡಲೇ ಗೊತ್ತಾಗುತ್ತದೆ, ಏಟು ಯಾವ ಕಡೆಯಿಂದ ಬರಬೇಕು ಅಂತ. ಆ ಕೈ ಕತೆಯೂ ಹೌದು, ಸುಳಿವೂ ಹೌದು. 2015ರಲ್ಲಿ ಬ್ಲಡ್‌ಬೋರ್ನ್‌ನ ವಿಸ್ತರಣೆ, 2017ರಲ್ಲಿ ಡಾರ್ಕ್ ಸೋಲ್ಸ್ 3ರ ಗೇಲ್. ಒಬ್ಬರಿಗಿಂತ ಒಬ್ಬರು ಚುರುಕು. ಗೇಲ್‌ನ ಹರಕು ಬಟ್ಟೆಯೂ ಕತ್ತಿಯ ಹಿಂದೆಯೇ ಬಂದು ಹೊಡೆಯುತ್ತದೆ. ಆದರೂ ಆ ಬಟ್ಟೆ ಗಾಳಿಯಲ್ಲಿ ಬೀಸುವುದು ಕಾಣುತ್ತಿತ್ತು.

ಬಾಸ್‌ಗಳು ಹೀಗೆ ಚುರುಕಾಗುತ್ತಾ ಹೋದರು. ನಾವು ಮಾತ್ರ ಇದ್ದಲ್ಲೇ ಇದ್ದೇವೆ. ಡಾರ್ಕ್ ಸೋಲ್ಸ್‌ನಲ್ಲಿ ಹೊರಳಿದ ಹಾಗೇ ಎಲ್ಡನ್ ರಿಂಗ್‌ನಲ್ಲೂ ಹೊರಳುತ್ತೇವೆ. ಅದೇ ರೋಲ್, ಏಟು ತಾಗದ ಅದೇ ಅರೆ ಸೆಕೆಂಡಿಗೂ ಕಡಿಮೆ ಹೊತ್ತು. ಬ್ಲಡ್‌ಬೋರ್ನ್‌ನಲ್ಲಿ ಪಕ್ಕಕ್ಕೆ ಚಿಮ್ಮೋ ವೇಗ ಕೊಟ್ಟರು. ಸೆಕಿರೋದಲ್ಲಿ ಕತ್ತಿಗೆ ಕತ್ತಿ ಕೊಟ್ಟು ತಡೆಯೋದನ್ನು ಕೊಟ್ಟರು. ಎಲ್ಡನ್ ರಿಂಗ್‌ನಲ್ಲಿ ಹಾರೋದನ್ನು, ಗುರಾಣಿಯಿಂದ ತಡೆದು ತಿರುಗಿ ಹೊಡೆಯೋದನ್ನು, ಜೊತೆಗೆ ಕರೆದುಕೊಳ್ಳೋ ಸ್ಪಿರಿಟ್‌ಗಳನ್ನು ಕೊಟ್ಟರು. ಬಹಳ ಜನ ಇವು ಮೂರನ್ನೂ ಮುಟ್ಟದೆ ರೋಲ್ ಒಂದನ್ನೇ ನಂಬಿಕೊಂಡು ವಿಸ್ತರಣೆಗೆ ಬಂದರು. ಒಂದು ಏಟು, ಒಂದು ರೋಲ್, ಕೊನೆಗೆ ಬಾಸ್ ಸುಸ್ತಾದಾಗ ನಾವು ಎರಡು ಬಾರಿಸೋದು. ಈ ಲಯ ಇಲ್ಲಿ ಕೈಕೊಟ್ಟಿತು. ಇಲ್ಲಿನ ಬಾಸ್‌ಗಳು ಹೊಡೆತದ ಸರಣಿ ಮುಗಿದ ಮೇಲೆ ಸುಸ್ತಾಗಿ ನಿಲ್ಲಲ್ಲ. ಸರಣಿಯ ನಡುವೆಯೇ ಎಲ್ಲೋ ಒಂದು ಕಡೆ ಸಂದು ಬಿಟ್ಟಿರುತ್ತಾರೆ. ಅದನ್ನು ಕಾಣಬೇಕು. ಅಲ್ಲೇ ನುಗ್ಗಬೇಕು.

ಹಾಗಾಗಿ ನಾನು ಈ ಬಾಸ್‌ಗಳನ್ನು ಅಳೆಯೋದು ಒಂದೇ ಪ್ರಶ್ನೆಯಿಂದ. ಆ ಸಂದು ಕಾಣುತ್ತದಾ ಇಲ್ಲವಾ?

ಮೊದಲು ಸಿಗೋದು ಬೆಲುರಾಟ್‌ನ ಡ್ಯಾನ್ಸಿಂಗ್ ಲಯನ್. ದೊಡ್ಡ ಸಿಂಹದ ತಲೆ, ಕೂದಲು, ಮೈಮೇಲೆ ಹೊದ್ದ ಬಟ್ಟೆ, ಒಳಗೆ ಇಬ್ಬರು ಮನುಷ್ಯರು. ಚೀನಾದ ಸಿಂಹ ನೃತ್ಯದಿಂದ ಬಂದ ರೂಪ ಅಂತ ನೋಡಿದರೇ ಗೊತ್ತಾಗುತ್ತದೆ. ಮೊದಲು ಆಡಿದಾಗ ಎಲ್ಲರೂ ಆ ತಲೆಯನ್ನೇ ನೋಡುತ್ತಾರೆ. ತಲೆ ಕುಣಿಯುತ್ತದೆ, ತಿರುಗುತ್ತದೆ, ಕ್ಯಾಮೆರಾನೂ ಅದರ ಜೊತೆ ತಿರುಗಿ ತಲೆ ಸುತ್ತು ಬರುತ್ತದೆ. ಆದರೆ ದಸರಾ ಮೆರವಣಿಗೆಯಲ್ಲಿ ಗಾರುಡಿ ಗೊಂಬೆ ನೋಡಿದವರಿಗೆ ಒಂದು ವಿಷಯ ಗೊತ್ತು. ಗೊಂಬೆ ಯಾವ ಕಡೆ ವಾಲುತ್ತದೆ ಅಂತ ತಿಳಿಯಬೇಕಾದರೆ ಮುಖ ನೋಡಿದರೆ ಆಗಲ್ಲ, ಬಟ್ಟೆ ಕೆಳಗಿನ ಕಾಲು ನೋಡಬೇಕು. ಇಲ್ಲೂ ಅಷ್ಟೇ. ಕಾಲು ಬಾಗಿತು ಅಂದರೆ ನೆಗೆತ. ಕಾಲು ಹಿಂದೆ ಸರಿದರೆ ನುಗ್ಗಾಟ. ಲಾಕ್ ಆನ್ (ಕ್ಯಾಮೆರಾವನ್ನು ಬಾಸ್ ಮೇಲೇ ಕಟ್ಟಿಡೋದು) ಬಿಟ್ಟು, ಸ್ವಲ್ಪ ದೂರ ನಿಂತು, ಕಾಲು ನೋಡಿ ಆಡಿದರೆ ಅರ್ಧ ಕೆಲಸ ಆದಂತೆ. ಇನ್ನರ್ಧ ಮಂಜು, ಮಿಂಚು, ಬಿರುಗಾಳಿ. ಅದು ಸಹಿಸಿಕೊಳ್ಳಬೇಕಾದ್ದು. ಕ್ಯಾಮೆರಾ ಚೆನ್ನಾಗಿಲ್ಲ ಅನ್ನೋ ದೂರು ಇಲ್ಲಿ ನಿಜ. ಅಷ್ಟು ಉದ್ದನೆಯ ಮೈ ಒಂದು ಅಂಗಳದಲ್ಲಿ ಹೊರಳಾಡುವಾಗ ಗೋಡೆಗೆ ಒತ್ತಿಕೊಂಡ ಆಟಗಾರನಿಗೆ ಕೂದಲು ಬಿಟ್ಟು ಬೇರೇನೂ ಕಾಣಲ್ಲ.

ಎನ್ಸಿಸ್ ಕೋಟೆಯ ರೆಲಾನಾ ಇದರ ಪೂರ್ತಿ ಉಲ್ಟಾ. ನಮ್ಮಷ್ಟೇ ಎತ್ತರ ಅನ್ನಬಹುದಾದ ಆಳು, ಎರಡು ಕತ್ತಿ, ಒಂದರಲ್ಲಿ ಬೆಂಕಿ, ಒಂದರಲ್ಲಿ ನೀಲಿ ಮಾಯೆ. ನಿಲ್ಲದೆ ಹೊಡೆಯುತ್ತಾಳೆ. ಎಷ್ಟೋ ಜನ ಇವಳ ಹತ್ತಿರವೇ ಗೇಮ್ ಬಿಟ್ಟು ಹೋದರು. ಆದರೆ ಅವಳ ಒಂದೊಂದು ಏಟೂ ಕಾಣುತ್ತದೆ. ಕೆಂಪು ಒಂದು ಕಡೆ, ನೀಲಿ ಒಂದು ಕಡೆ. ಪ್ಯಾರಿ ಮಾಡಬಹುದು, ಅಂದರೆ ಸರಿಯಾದ ಕ್ಷಣಕ್ಕೆ ಏಟನ್ನು ತಳ್ಳಿಹಾಕಬಹುದು. ಎರಡು ಚಂದ್ರರನ್ನು ಇಳಿಸಿ ನೆಲಕ್ಕೆ ಬಡಿದಾಗ ಒಂದರ ಹಿಂದೆ ಒಂದು ಅಲೆ ಬರುತ್ತದೆ, ಅದಕ್ಕೆ ರೋಲ್‌ಗಿಂತ ಹಾರೋದು ವಾಸಿ. ರೋಲ್ ಒಂದೇ ಸಾಲದು ಕಣಪ್ಪಾ ಅಂತ ಅವಳು ಬಾಯಿಬಿಟ್ಟು ಹೇಳಿದ ಹಾಗಿದೆ. ಕಷ್ಟ ಇದೆ, ಮೋಸ ಇಲ್ಲ.

ಮೆಸ್ಮರ್ ಬಗ್ಗೆ ಜಾಸ್ತಿ ಹೇಳಬೇಕು. ನನ್ನ ಪ್ರಕಾರ ಇಡೀ ವಿಸ್ತರಣೆಯ ಅತ್ಯುತ್ತಮ ಡಿಸೈನ್ ಇವನದ್ದೇ. ಕೆಂಪು ಕೂದಲು, ಕೋಲು ಹಾಗೆ ತೆಳ್ಳಗಿನ ಮೈ, ಮೈಗೆ ಸುತ್ತಿಕೊಂಡ ರೆಕ್ಕೆಯ ಹಾವುಗಳು, ಕೈಯಲ್ಲಿ ಉದ್ದನೆಯ ಈಟಿ. ಬಾಗಿಲು ದಾಟಿದ ಕೂಡಲೇ ಇಡೀ ಹಜಾರದ ಆ ತುದಿಯಿಂದ ಬೆಂಕಿ ಹಿಡಿದು ಹಾರಿ ಬರುತ್ತಾನೆ. ಮೊದಲ ಸಲ ಎಲ್ಲರೂ ಅದಕ್ಕೇ ಸಾಯುತ್ತಾರೆ. ಎರಡನೇ ಸಲ ಸಾಯಲ್ಲ. ಯಾಕೆಂದರೆ ಹಾರೋ ಮುಂಚೆ ಅವನ ಕೈಯಲ್ಲಿ ಬೆಂಕಿ ಉಂಡೆ ಕಟ್ಟುವುದು ದೂರದಿಂದಲೇ ಕಾಣುತ್ತದೆ. ಕತ್ತಲ ಹಜಾರದಲ್ಲಿ ಅದೊಂದೇ ಬೆಳಕು. ಇಡೀ ಫೈಟ್‌ನ ಸೂತ್ರ ಇದೇ. ಅವನ ಬೆಂಕಿ ಅಲಂಕಾರಕ್ಕೆ ಇಟ್ಟಿದ್ದಲ್ಲ, ಮುನ್ಸೂಚನೆ. ಬೆಂಕಿ ಎಲ್ಲಿ ಹತ್ತಿತೋ ಏಟು ಅಲ್ಲಿಂದ. ಈಟಿ ಹಿಂದಕ್ಕೆ ಹೋದರೆ ತಿವಿತ, ಮೇಲಕ್ಕೆ ಹೋದರೆ ಬೀಸು. ಸರಣಿ ಎಷ್ಟೇ ಉದ್ದ ಇದ್ದರೂ ಕೊನೆಗೆ ಈಟಿ ನೆಲಕ್ಕೆ ನಾಟಿದಾಗ ಒಂದು ಉಸಿರು ಸಿಗುತ್ತದೆ.

ಅರ್ಧ ಜೀವ ಹೋದ ಮೇಲೆ ಅವನು ತನ್ನ ಕಣ್ಣನ್ನೇ ಕಿತ್ತು ಹಿಸುಕುತ್ತಾನೆ. ಒಳಗಿದ್ದ ಹಾವು ಹೊರಗೆ ಬರುತ್ತದೆ, ಪರದೆ ಕೆಳಗಿನ ಹೆಸರೇ ಬದಲಾಗುತ್ತದೆ. ಅಮ್ಮ ಅಡಗಿಸಿಟ್ಟ ಮಗನ ಗುಟ್ಟು ಮಾತಿಲ್ಲದೆ ಬಯಲಾಗೋದು ಹೀಗೆ. ಹೊಸ ಏಟುಗಳು ಬರುತ್ತವೆ, ನಿಜ. ಆದರೆ ಮೊದಲ ಹಂತದಲ್ಲಿ ಕಲಿತಿದ್ದು ಯಾವುದೂ ವ್ಯರ್ಥ ಆಗಲ್ಲ. ಈಟಿಯ ಅಕ್ಷರಮಾಲೆ ಅದೇ, ಹಾವು ಅದಕ್ಕೆ ಸೇರಿದ ಒತ್ತಕ್ಷರ. ಎರಡನೇ ಹಂತ ಅನ್ನೋದು ಹೀಗಿರಬೇಕು ಅಂತ ನನಗನ್ನಿಸುತ್ತದೆ.

ಬೇಲ್ ಮತ್ತು ಮಿಡ್ರಾ ಕೂಡ ಈ ಸಾಲಿಗೇ. ಬೇಲ್ ದೊಡ್ಡ ಡ್ರ್ಯಾಗನ್, ಒಂದು ಕಾಲು ಇಲ್ಲ, ಜಾಗೆಡ್ ಪೀಕ್ ಬೆಟ್ಟದ ತುದಿಯಲ್ಲಿ. ದೊಡ್ಡ ಮೈ ಅಂದರೆ ಕ್ಯಾಮೆರಾ ತೊಂದರೆ ಇದ್ದೇ ಇರುತ್ತದೆ. ಆದರೆ ಬಯಲು ವಿಶಾಲ ಇದೆ, ಹಿಂದೆ ಸರಿದು ನೋಡೋಕೆ ಜಾಗ ಇದೆ. ಬೆಟ್ಟಕ್ಕೆ ಹೋಗುವ ದಾರಿಯಲ್ಲೇ ಡ್ರ್ಯಾಗನ್‌ಗಳಿಗೆ ಜಾಸ್ತಿ ಪೆಟ್ಟಾಗುವ ಉದ್ದನೆಯ ಕಟಾನಾ ಒಂದು ಸಿಗುತ್ತದೆ. ಸರಿಯಾಗಿ ಮಾತಾಡಿಸಿಕೊಂಡು ಬಂದಿದ್ದರೆ ಇಗಾನ್ ಅನ್ನೋ ಮುದುಕ ಜೊತೆಗೆ ಬರುತ್ತಾನೆ. ಅವನು ಬೇಲ್ ಹೆಸರು ಹಿಡಿದು ಶಾಪ ಹಾಕುತ್ತಾ ಬಾಣ ಬಿಡೋದನ್ನು ಕೇಳೋಕೆ ಅಂತಲೇ ಹೋಗಬಹುದು. ಮಿಡ್ರಾ ಮನೆಯಲ್ಲಿ ಮೊದಲು ಸಿಗೋದು ಬಡಕಲು ಮುದುಕ, ನಾಲ್ಕು ಏಟಿಗೆ ಬಗ್ಗುತ್ತಾನೆ. ಆಮೇಲೆ ಮೈಗೆ ಚುಚ್ಚಿದ್ದ ಮುಳ್ಳು ಕತ್ತಿಯನ್ನು ತಾನೇ ಎಳೆಯುತ್ತಾನೆ, ಅದರ ಜೊತೆಗೆ ತಲೆಯೂ ಹೋಗುತ್ತದೆ, ತಲೆ ಇದ್ದ ಜಾಗದಲ್ಲಿ ಹಳದಿ ಬೆಂಕಿ. ಮುಂದಿನ ಫೈಟ್ ನಿಧಾನ, ಗಂಭೀರ, ಪ್ರತಿ ಹೆಜ್ಜೆ ಎಣಿಸಬಹುದು. ಬೆಂಕಿ ತಲೆಯ ಬಾಸ್ ಇಷ್ಟು ಶಿಸ್ತಾಗಿ ಹೊಡೆದಾಡುತ್ತಾನೆ ಅಂತ ಯಾರು ಅಂದುಕೊಂಡಿದ್ದರು?

ರೊಮಿನಾ, ಪ್ಯೂಟ್ರೆಸೆಂಟ್ ನೈಟ್ ಇವರೆಲ್ಲ ಚೆನ್ನಾಗಿದ್ದಾರೆ, ಹೋಗಿ ಆಡಿ, ಅಷ್ಟೇ. ಹಂದಿ ಮೇಲೆ ಕೂತು ಬರೋ ಗಾಯಸ್ ಮಾತ್ರ ಬೇಡವಾಗಿತ್ತು. ಒಳಗೆ ಕಾಲಿಟ್ಟ ಕೂಡಲೇ ನುಗ್ಗಿ ಬರುತ್ತಾನೆ. ಹಂದಿಯ ಮೂತಿ ತಪ್ಪಿಸಿಕೊಂಡೆ ಅಂದುಕೊಂಡರೆ ಹಿಂಭಾಗ ಬಂದು ಬಡಿಯುತ್ತದೆ. ತಾಗಿದ್ದು ಯಾವುದು ಅಂತ ರೀಪ್ಲೇ ನೋಡಿದರೂ ಗೊತ್ತಾಗಲ್ಲ.

ಈಗ ರಾಡಾನ್.

ಸರಸ್ವತೀಪುರಂ ಕಡೆಯ ಒಂದು ಗೇಮಿಂಗ್ ಕೆಫೆಯಲ್ಲಿ, ಪ್ಯಾಚ್ ಬರೋಕೆ ಮುಂಚೆ, ಎರಡನೇ ಹಂತ ಹೇಗಿತ್ತು ಅನ್ನೋದನ್ನು ನಾನು ಕಣ್ಣಾರೆ ನೋಡಿದೆ. ಆಡುತ್ತಿದ್ದವನು ಎಂಜಿನಿಯರಿಂಗ್ ಹುಡುಗ, ಕೈ ಚೆನ್ನಾಗಿತ್ತು. ಪಕ್ಕದಲ್ಲಿ ಮದ್ದೂರು ಕಡೆಯಿಂದ ಬಂದಿದ್ದ ಅವನ ತಮ್ಮನ ವಯಸ್ಸಿನ ಹುಡುಗ ಚಿಪ್ಸ್ ತಿನ್ನುತ್ತಾ ಕೂತಿದ್ದ. ಅವನು ಗೇಮ್ ಆಡಿದವನೇ ಅಲ್ಲ. ಮೊದಲ ಹಂತದಲ್ಲಿ ಈ ಹುಡುಗನೇ ಹೇಳಿಕೊಡುತ್ತಿದ್ದ, "ಅಣ್ಣ, ಎಡಗಡೆ ಕತ್ತಿ ಎತ್ತುದ, ಎತ್ತುದ!" ಅಂತ. ಆಡದವನಿಗೂ ಕಾಣುತ್ತಿತ್ತು. ಎರಡನೇ ಹಂತ ಶುರುವಾಯಿತು. ರಾಡಾನ್ ಬೆನ್ನ ಮೇಲೆ ಮಿಕೆಲಾ ಅನ್ನೋ ದೇವರು ಬಂದು ಕೂತ. ಚಿನ್ನದ ಬಣ್ಣದ ಉದ್ದ ಕೂದಲು ರಾಡಾನ್ ಭುಜದ ಮೇಲಿಂದ ಇಳಿಯಿತು. ಕತ್ತಿ ಬೀಸಿದ ಕಡೆಯೆಲ್ಲ ಬೆಳಕಿನ ಕಂಬ. ಪರದೆ ಬೆಳ್ಳಗಾಯಿತು. ಅಣ್ಣ ರೋಲ್ ಮಾಡಿದ, ಬಿದ್ದ. ತಮ್ಮ ಚಿಪ್ಸ್ ಪ್ಯಾಕೆಟ್ ಕೆಳಗಿಟ್ಟು ಕೇಳಿದ:

"ಅಣ್ಣ, ಅವ್ನು ಒಡುದ್ನಾ, ಇಲ್ಲ ಬರೀ ಲೈಟಾ?"

"ಎರಡೂ ಕಣೋ," ಅಂದ ಅಣ್ಣ.

ಸಾವಿರ ಪೋಸ್ಟುಗಳಲ್ಲಿ ಇರೋ ದೂರನ್ನು ಆ ಹುಡುಗ ಒಂದೇ ಪ್ರಶ್ನೆಯಲ್ಲಿ ಕೇಳಿದ್ದ. ಮೆಸ್ಮರ್ ಬೆಂಕಿ ಏಟನ್ನು ತೋರಿಸುತ್ತದೆ. ರಾಡಾನ್ ಬೆಳಕು ಏಟನ್ನು ಮುಚ್ಚುತ್ತದೆ. ಕತ್ತಿಯ ಏಟಿಗೆ ಒಂದು ರೋಲ್ ಮಾಡಿದರೆ, ಹಿಂದೆಯೇ ಬರೋ ಬೆಳಕಿನ ಏಟಿಗೆ ಇನ್ನೊಂದು ರೋಲ್ ಬೇಕು, ಅಷ್ಟರಲ್ಲಿ ಮುಂದಿನ ಕತ್ತಿ ಬೀಳುತ್ತಿರುತ್ತದೆ. ಮುಂದಿನ ಕತ್ತಿ ಎಲ್ಲಿದೆ ಅಂತ ನೋಡೋಣ ಅಂದರೆ ಬೆಳಕು ಅಡ್ಡ, ಕೂದಲು ಅಡ್ಡ. ಮೊದಲ ಹಂತದಲ್ಲೂ ಎರಡು ಕತ್ತಿಯಿಂದ ಎಡಕ್ಕೊಂದು ಬಲಕ್ಕೊಂದು ಬಿಡುವಿಲ್ಲದೆ ಕೊಡೋ ಒಂದು ಸರಣಿ ಇತ್ತು. ಅದನ್ನು ರೋಲ್‌ನಿಂದ ತಪ್ಪಿಸೋಕೆ ಒಂದೇ ಒಂದು ಕಡೆ ಹೊರಳಬೇಕಿತ್ತು. ಆ ಕಡೆ ಯಾವುದು ಅಂತ ಬಾಸ್ ಹೇಳುತ್ತಿರಲಿಲ್ಲ, ಯೂಟ್ಯೂಬ್ ಹೇಳುತ್ತಿತ್ತು. ಇದರ ಮೇಲೆ ಮಿಕೆಲಾನ ಅಪ್ಪುಗೆ ಬೇರೆ. ಎರಡು ಸಲ ಸಿಕ್ಕಿಕೊಂಡರೆ ಜೀವ ಎಷ್ಟೇ ಇರಲಿ, ಕತೆ ಮುಗಿಯಿತು. ಈ ಅಪ್ಪುಗೆ ಮಾತ್ರ ನನಗೆ ಇಷ್ಟ. ಮನಸ್ಸು ಕದಿಯುವ ದೇವರು ಆಟಗಾರನ ಮನಸ್ಸನ್ನೂ ಕದಿಯೋದು ಕತೆಗೆ ಸರಿಯಾಗಿ ಕೂರುತ್ತದೆ. ಬಿಡಿಸಿಕೊಳ್ಳೋಕೆ ಗೇಮಿನಲ್ಲೇ ಒಂದು ವಸ್ತು ಕೂಡ ಇಟ್ಟಿದ್ದಾರೆ.

ಇದಕ್ಕೆ ಆಟಗಾರರು ಕಂಡುಕೊಂಡ ಉಪಾಯ ಏನು ಗೊತ್ತಾ? ನೋಡೋದನ್ನೇ ಬಿಟ್ಟುಬಿಟ್ಟರು. ದೊಡ್ಡ ಗುರಾಣಿ ಎತ್ತಿಕೊಂಡು, ಅದರ ಹಿಂದೆ ನಿಂತು, ಈಟಿಯಿಂದ ಚುಚ್ಚುತ್ತಾ ಇರೋದು. ಎಲ್ಲಿಂದ ಏಟು ಬಂದರೂ ಗುರಾಣಿಗೆ ಬೀಳುತ್ತದೆ. ಕಷ್ಟಪಟ್ಟು ಕಲಿತ ರೋಲ್‌ಗಿಂತ ಕಣ್ಣು ಮುಚ್ಚಿಕೊಂಡು ಚುಚ್ಚೋದು ಸುಲಭ ಅಂತಾದರೆ ಆ ಫೈಟ್‌ನ ಡಿಸೈನ್ ಬಗ್ಗೆ ಅದೇ ತೀರ್ಪು. ವಿಸ್ತರಣೆಯಲ್ಲೇ ಡಿಫ್ಲೆಕ್ಟಿಂಗ್ ಹಾರ್ಡ್‌ಟಿಯರ್ ಅಂತ ಒಂದು ವಸ್ತು ಇದೆ. ಅದನ್ನು ಔಷಧಿ ಬಾಟಲಿಗೆ ಬೆರೆಸಿ ಕುಡಿದರೆ ಸ್ವಲ್ಪ ಹೊತ್ತು ಸೆಕಿರೋ ಥರ, ಏಟು ಬೀಳೋ ಕ್ಷಣಕ್ಕೆ ಸರಿಯಾಗಿ ತಡೆದರೆ ಪೆಟ್ಟು ಕಡಿಮೆ, ತಿರುಗೇಟು ಜೋರು. ಇದನ್ನು ಬಾಟಲಿಯೊಳಗೆ ಬಚ್ಚಿಡದೆ ಎಲ್ಲರಿಗೂ ಮೊದಲೇ ಕೊಟ್ಟಿದ್ದರೆ ಈ ಜಗಳ ಅರ್ಧ ಇರುತ್ತಿರಲಿಲ್ಲ ಅಂತ ನನ್ನ ಗುಮಾನಿ.

ಇಲ್ಲಿ ನಮ್ಮ ಊರಿನ ಇನ್ನೊಂದು ಮಾತು ಸೇರಿಸಬೇಕು. ಪಿಸಿಯಲ್ಲಿ ಈ ಗೇಮ್ ಸೆಕೆಂಡಿಗೆ 60 ಫ್ರೇಮ್‌ಗಿಂತ ಮೇಲೆ ಹೋಗಲ್ಲ. 60ರಲ್ಲಿ ಒಂದೊಂದು ಚಿತ್ರ ಸುಮಾರು 17 ಮಿಲಿಸೆಕೆಂಡ್ ಇರುತ್ತದೆ. ಹಾಸ್ಟೆಲ್ ರೂಮಿನ ನಾಲ್ಕು ವರ್ಷ ಹಳೇ ಲ್ಯಾಪ್‌ಟಾಪಿನಲ್ಲಿ ಬೆಳಕಿನ ಕಂಬಗಳು ಎದ್ದಾಗ ಅದು 30ಕ್ಕೆ ಇಳಿದರೆ ಒಂದು ಚಿತ್ರಕ್ಕೆ 33 ಮಿಲಿಸೆಕೆಂಡ್. ಅಂದರೆ ಎಲ್ಲಕ್ಕಿಂತ ಜಾಸ್ತಿ ನೋಡಬೇಕಾದ ಹೊತ್ತಿನಲ್ಲೇ ಕಣ್ಣಿಗೆ ಸಿಗೋ ಚಿತ್ರಗಳು ಅರ್ಧ. ಆಡೋಕೆ ಬರಲ್ಲ ಅಂತ ಬೈಸಿಕೊಂಡವರಲ್ಲಿ ಎಷ್ಟು ಜನರಿಗೆ ನಿಜವಾಗಿ ಬರುತ್ತಿರಲಿಲ್ಲ, ಎಷ್ಟು ಜನರಿಗೆ ಕಾಣುತ್ತಿರಲಿಲ್ಲ? ದುಬಾರಿ ಮಾನಿಟರ್ ಮುಂದೆ ಕೂತು ಉಪದೇಶ ಮಾಡೋದು ಸುಲಭ.

ಸ್ಪಿರಿಟ್‌ಗಳನ್ನು ಕರೆದರೆ ಗೆದ್ದ ಹಾಗಲ್ಲ ಅನ್ನೋ ವಾದಕ್ಕೆ ನನ್ನ ಹತ್ತಿರ ಟೈಮ್ ಇಲ್ಲ. ಮಾಡಿದವರೇ ಅದನ್ನು ಗೇಮಿನೊಳಗೆ ಇಟ್ಟಿದ್ದಾರೆ. ವಿಸ್ತರಣೆಯಲ್ಲಿ ಸ್ಪಿರಿಟ್‌ಗಳ ಬಲ ಏರಿಸೋಕೆ ಬೇರೆ ತುಣುಕುಗಳನ್ನೂ ಹಂಚಿದ್ದಾರೆ. ಆದರೆ ಅದಕ್ಕೂ ಒಂದು ಬೆಲೆ ಇದೆ. ಬಾಸ್ ಇಬ್ಬರ ನಡುವೆ ತಿರುಗಾಡೋಕೆ ಶುರುಮಾಡಿದರೆ ಅವನ ಸರಣಿ ಎಲ್ಲಿಂದ ಶುರು, ಎಲ್ಲಿಗೆ ಮುಗಿಯಿತು ಅನ್ನೋದು ನಮಗೆ ಕಲಿಯೋಕೆ ಸಿಗಲ್ಲ.

ಬೇರೆಯವರು ಇದೇ ತೊಂದರೆಯನ್ನು ಹೇಗೆ ಬಿಡಿಸಿದರು ಅಂತ ನೋಡಿದರೆ ಸ್ವಾರಸ್ಯ ಇದೆ. ಕೊರಿಯಾದ ಲೈಸ್ ಆಫ್ ಪಿ ಗೇಮಿಗೆ 2025ರ ಜೂನ್‌ನಲ್ಲಿ ಓವರ್ಚರ್ ಅನ್ನೋ ವಿಸ್ತರಣೆ ಬಂತು. ಅದರ ಜೊತೆಗೆ ಕಷ್ಟದ ಮಟ್ಟ ಆರಿಸಿಕೊಳ್ಳೋ ಅವಕಾಶವನ್ನೂ ಕೊಟ್ಟರು. ಇದು ಲೆಕ್ಕದ ಮದ್ದು. ಸೆಪ್ಟೆಂಬರ್‌ನಲ್ಲಿ ಹಾಲೋ ನೈಟ್ ಸಿಲ್ಕ್‌ಸಾಂಗ್ ಬಂದಾಗಲೂ ಇದೇ ಗಲಾಟೆ. ಮೊದಲ ಪ್ಯಾಚ್‌ನಲ್ಲೇ ಶುರುವಿನ ಇಬ್ಬರು ಬಾಸ್‌ಗಳನ್ನು ಸ್ವಲ್ಪ ಮೆತ್ತಗೆ ಮಾಡಿದರು. ಅದೂ ಲೆಕ್ಕವೇ. ಫ್ರಮ್‌ಸಾಫ್ಟ್‌ವೇರ್ ಮಾತ್ರ 2025ರ ಮೇ 30ಕ್ಕೆ ನೈಟ್‌ರೈನ್ ಬಿಟ್ಟಾಗ ಬೇರೆ ದಾರಿ ಹಿಡಿಯಿತು. ಮೂವರು ಒಟ್ಟಿಗೆ ಆಡೋ ಗೇಮ್ ಅದು. ಬಾಸ್‌ಗಳ ವೇಗ ಇಳಿಸಲಿಲ್ಲ. ನಮ್ಮ ವೇಗ ಏರಿಸಿದರು. ಜೋರಾಗಿ ಓಡಬಹುದು, ಗೋಡೆ ಹತ್ತಿ ಜಿಗಿಯಬಹುದು, ಎಷ್ಟು ಎತ್ತರದಿಂದ ಬಿದ್ದರೂ ಪೆಟ್ಟಾಗಲ್ಲ, ಒಂದೊಂದು ಪಾತ್ರಕ್ಕೆ ಅದರದ್ದೇ ವಿದ್ಯೆ. ಹದಿಮೂರು ವರ್ಷದಿಂದ ಇದ್ದಲ್ಲೇ ಇದ್ದ ಆಟಗಾರ ಕೊನೆಗೂ ಜಾಗ ಬಿಟ್ಟು ಎದ್ದ. ಆದರೆ ಮೂವರು ಆಟಗಾರರ ಮಂತ್ರ, ಬೆಂಕಿ, ಮಿಂಚು ಎಲ್ಲ ಒಂದೇ ಬಾಸ್ ಮೇಲೆ ಬಿದ್ದಾಗ ಬಾಸ್ ಏನು ಮಾಡುತ್ತಿದ್ದಾನೆ ಅಂತ ಕಾಣೋದು ಅಲ್ಲೂ ಕಷ್ಟವೇ.

ಪ್ಯಾಚ್ ಆದ ಮೇಲಿನ ರಾಡಾನ್‌ನನ್ನು ಈಗ ಹೋಗಿ ನೋಡಿದರೆ ಮೊದಲಿಗಿಂತ ಎಷ್ಟೋ ಮೇಲು. ಎಡಬಲದ ಆ ಸರಣಿಯಲ್ಲಿ ಈಗ ತಪ್ಪಿಸಿಕೊಳ್ಳೋಕೆ ಜಾಗ ಇದೆ. ಬೆಳಕಿನ ನಡುವೆ ಕತ್ತಿ ಗುರುತು ಸಿಗುತ್ತದೆ. ಆದರೂ ಅವನು ಮೆಸ್ಮರ್ ಆಗಲಿಲ್ಲ. ಎರಡನೇ ಹಂತದ ಬೆಳಕು ಇವತ್ತಿಗೂ ಏಟಿನ ಜೊತೆ ಬರುತ್ತದೆಯೇ ಹೊರತು ಏಟಿಗಿಂತ ಮೊದಲು ಬರಲ್ಲ. ಅದನ್ನು ಯಾವ ಪ್ಯಾಚೂ ಸರಿಮಾಡೋಕೆ ಆಗಲ್ಲ, ಫೈಟ್‌ನ ಬುಡವೇ ಹಾಗಿದೆ.

ಈಗ ಶುರುಮಾಡೋರಿಗೆ ನನ್ನ ಸಲಹೆ ಇಷ್ಟು. ಟಿವಿಯಲ್ಲಿ ಆಡುತ್ತಿದ್ದರೆ ಗೇಮ್ ಮೋಡ್ ಹಾಕಿ, ಬಟನ್ ಒತ್ತಿದ್ದಕ್ಕೂ ಕೈ ಆಡಿದ್ದಕ್ಕೂ ನಡುವಿನ ತಡ ಕಡಿಮೆಯಾಗುತ್ತದೆ. ಲ್ಯಾಪ್‌ಟಾಪ್ ಆದರೆ ನೆರಳು, ಹುಲ್ಲು, ಎಫೆಕ್ಟ್ ಎಲ್ಲ ಇಳಿಸಿ, ಚಂದ ಕಾಣೋದಕ್ಕಿಂತ ಸರಿಯಾಗಿ ಕಾಣೋದು ಮುಖ್ಯ. ಸಿಂಹದ ಹತ್ತಿರ ಹೋಗೋ ಮುಂಚೆ ಸುತ್ತಮುತ್ತಲಿನ ಶಿಲುಬೆಗಳ ಬುಡದ ತುಣುಕು ಎತ್ತಿಕೊಳ್ಳಿ. ಮೆಸ್ಮರ್‌ನನ್ನು ಅವಸರ ಮಾಡಿ ಮುಗಿಸಬೇಡಿ, ಅಂಥವನು ಮತ್ತೆ ಸಿಗಲ್ಲ. ಬೇಲ್ ಹತ್ತಿರ ಇಗಾನ್ ಇಲ್ಲದೆ ಹೋಗಲೇಬೇಡಿ. ರಾಡಾನ್ ಎದುರು ಗುರಾಣಿ ಹಿಡಿಯೋದಕ್ಕೆ ನಾಚಿಕೆ ಪಡಬೇಡಿ, ಯಾರಾದರೂ ಕೇಳಿದರೆ ಪ್ಯಾಚ್ ಟಿಪ್ಪಣಿ ತೋರಿಸಿ.